ಮುಂದೆ ಲಾರಿ, ಹಿಂದೆ ನಮ್ಮ ಕಾರು: ತಪ್ಪು ಯಾರದು, ಪರಿಹಾರ ಎಲ್ಲಿ?

ಮಲೆ ಮಹದೇಶ್ವರ ಬೆಟ್ಟಕ್ಕೆ ಹರಕೆ ತೀರಿಸಲು ಹೋದವರೆಲ್ಲರೂ ಹೋದ ದಾರಿಯಲ್ಲೇ ಹಿಂತಿರುಗುವುದಿಲ್ಲ. ಬೆಟ್ಟದ ಇನ್ನೊಂದು ಮಗ್ಗುಲಿನಿಂದ ಇಳಿದು, ಪಾಲಾರ್ ಬಳಿ ರಾಜ್ಯದ ಗಡಿ ದಾಟಿ, ಕೊಳತ್ತೂರಿನ ಮೂಲಕ ಮೆಟ್ಟೂರು ಅಣೆಕಟ್ಟನ್ನು ನೋಡಿಕೊಂಡು, ಸೇಲಂ, ಕೊಯಮತ್ತೂರು, ಪಾಲಕ್ಕಾಡು ಮಾರ್ಗವಾಗಿ ಊರು ಸೇರುವವರೂ ಇದ್ದಾರೆ. ಕೊಳತ್ತೂರಿನ ಪೇಟೆಯಲ್ಲಿ ಬೋರ್ಡುಗಳು ತಮಿಳಿನವು. ಆದರೆ ಗಡಿಯ ಆ ಭಾಗದ ಹಳ್ಳಿಗಳಲ್ಲಿ ಕನ್ನಡವೇ ಮನೆಮಾತಾದ ಕುಟುಂಬಗಳು ಇಂದಿಗೂ ಇವೆ. ಸೇಲಂ ಕಡೆಯ ದೇವಾಂಗ ನೇಕಾರರಲ್ಲಿಯೂ ಕನ್ನಡ ಆಡುವವರಿದ್ದಾರೆ. ಗಡಿ ಎಳೆದವರು ಮನೆಮಾತನ್ನು ಕೇಳಿ ಎಳೆಯಲಿಲ್ಲ ಎಂಬುದು ಕಾಸರಗೋಡಿನವರಾದ ನಮಗೆ ಯಾರೂ ಹೇಳಿಕೊಡಬೇಕಾದ ಸಂಗತಿಯಲ್ಲ.

ಆ ದಾರಿಯಲ್ಲಿ ಕನ್ನಡದಷ್ಟೇ ಖಂಡಿತವಾಗಿ ಎದುರಾಗುವ ಇನ್ನೊಂದು ವಸ್ತು ಲಾರಿ. ಮೆಟ್ಟೂರಿನಲ್ಲಿ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿದೆ, ಕಾರ್ಖಾನೆಗಳಿವೆ. ನಾಮಕ್ಕಲ್, ಶಂಕಗಿರಿಗಳು ಲಾರಿ ಉದ್ಯಮಕ್ಕೇ ಹೆಸರಾದ ಊರುಗಳು. ಮೆಟ್ಟೂರಿನಿಂದ ಮೇಚ್ಚೇರಿ ದಾಟಿ ಮುಂದೆ ಹೋದರೆ ಧರ್ಮಪುರಿ ಜಿಲ್ಲೆಯ ತೊಪ್ಪೂರು ಘಾಟಿ. ಬೆಂಗಳೂರು-ಸೇಲಂ ಹೆದ್ದಾರಿಯ ಆ ಇಳಿಜಾರಿನಲ್ಲಿ 2020ರ ಡಿಸೆಂಬರ್ 12ರಂದು ಹತೋಟಿ ತಪ್ಪಿದ ಲಾರಿಯೊಂದು ಮುಂದಿದ್ದ ಹತ್ತಕ್ಕೂ ಹೆಚ್ಚು ವಾಹನಗಳಿಗೆ ಢಿಕ್ಕಿ ಹೊಡೆದು ನಾಲ್ವರು ಸತ್ತರು. 2024ರ ಜನವರಿ 24ರಂದು ಅದೇ ಘಾಟಿಯಲ್ಲಿ ಹಿಂದಿನಿಂದ ಬಂದ ಲಾರಿ ಮುಂದಿನ ವಾಹನಗಳಿಗೆ ಬಡಿದು ಮತ್ತೆ ನಾಲ್ವರು ಪ್ರಾಣ ಕಳಕೊಂಡರು.

ಕೇಂದ್ರ ಸರಕಾರದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳು ನಡೆದು 1,68,491 ಮಂದಿ ಮಡಿದರು. ಅಪಘಾತಗಳಲ್ಲಿ ಸುಮಾರು ಐದರಲ್ಲಿ ಒಂದು ಹಿಂದಿನಿಂದ ಹೊಡೆದ ಢಿಕ್ಕಿ. ಇಂತಹ ಢಿಕ್ಕಿಯ ಬಳಿಕ ಹೊರನಾಡಿನಲ್ಲಿ, ಓದಲು ಬಾರದ ಲಿಪಿಯ ನಡುವೆ, ಒಂದು ಕನ್ನಡ ಕುಟುಂಬ ಏನು ಮಾಡಬೇಕು? ಆಗ ಕಳಕೊಳ್ಳುವುದು ಎಷ್ಟು, ಉಳಿಸಿಕೊಳ್ಳಬಹುದಾದುದು ಎಷ್ಟು? ಇಂದು ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಹಿಂದಿನವನದೇ ತಪ್ಪೆ?

"ಹಿಂದಿನಿಂದ ಗುದ್ದಿದವನದೇ ತಪ್ಪು" ಎಂಬುದು ರಸ್ತೆ ಬದಿಯ ತೀರ್ಪು. ಪೊಲೀಸರೂ ಹೆಚ್ಚಾಗಿ ಅಲ್ಲಿಂದಲೇ ಆರಂಭಿಸುತ್ತಾರೆ. ಲಾರಿ ನಮ್ಮ ಕಾರಿಗೆ ಹಿಂದಿನಿಂದ ಹೊಡೆದಿದ್ದರೆ ಈ ಮಾತು ನಮಗೆ ಅನುಕೂಲ. ಆದರೆ ನಮ್ಮ ಕಾರೇ ಲಾರಿಯ ಹಿಂಭಾಗಕ್ಕೆ ನುಗ್ಗಿದ್ದರೆ ಮನೆಯವರು ಅಲ್ಲಿಯೇ ಧೈರ್ಯಗೆಡುತ್ತಾರೆ. "ನಮ್ಮದೇ ತಪ್ಪಂತೆ, ಇನ್ನೇನು ಕೇಳುವುದು?" ಎಂದು ಸುಮ್ಮನಾಗುತ್ತಾರೆ. ಕಾನೂನು ಇಷ್ಟು ಸರಳವಾಗಿಲ್ಲ. ಸುಪ್ರೀಂ ಕೋರ್ಟಿನ ಮೂರು ತೀರ್ಪುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಇದು ತಿಳಿಯುತ್ತದೆ.

ಮೊದಲನೆಯದು 2018ರ ಏಪ್ರಿಲ್ ತಿಂಗಳದು. ಚಲಿಸುತ್ತಿದ್ದ ಲಾರಿಯ ಹಿಂದೆ ಹತ್ತು ಹದಿನೈದು ಅಡಿ ಮಾತ್ರ ಅಂತರದಲ್ಲಿ ಹೋಗುತ್ತಿದ್ದ ಕಾರು ಲಾರಿಗೆ ಬಡಿದಿತ್ತು. ಮುಂದಿನ ವಾಹನ ಥಟ್ಟನೆ ನಿಂತರೂ ಢಿಕ್ಕಿಯಾಗದಷ್ಟು ಅಂತರ ಕಾಯ್ದುಕೊಳ್ಳಬೇಕೆಂದು 1989ರ ರಸ್ತೆ ನಿಯಮಗಳ 23ನೆಯ ನಿಯಮ ಹೇಳಿತ್ತು. ಅದನ್ನು ಪಾಲಿಸದ ಕಾರಿನ ಚಾಲಕನದೇ ಅಜಾಗ್ರತೆ ಎಂದು ಕೋರ್ಟು ಎತ್ತಿಹಿಡಿಯಿತು. ಆ ನಿಯಮಗಳ ಜಾಗಕ್ಕೆ 2017ರಲ್ಲಿ ಹೊಸ ಚಾಲನಾ ನಿಯಮಗಳು ಬಂದಿದ್ದರೂ ಅಂತರದ ಕಟ್ಟಳೆ ಹಾಗೆಯೇ ಉಳಿದಿದೆ.

ಎರಡನೆಯದು 2024ರ ಸೆಪ್ಟೆಂಬರಿನದು; ಕರ್ನಾಟಕದಿಂದ ಹೋದ ಮೊಕದ್ದಮೆ. ಹೆದ್ದಾರಿಯ ನಡುವೆ, ಸೂಚನೆಯ ದೀಪವಾಗಲಿ ಎಚ್ಚರಿಕೆಯ ಗುರುತಾಗಲಿ ಇಲ್ಲದೆ ನಿಲ್ಲಿಸಿದ್ದ ಹದಿನಾಲ್ಕು ಚಕ್ರದ ಲಾರಿಗೆ ಕಾರು ಬಡಿದಿತ್ತು. ಕೆಳಗಿನ ಕೋರ್ಟುಗಳು ತಪ್ಪನ್ನು ಎರಡೂ ವಾಹನಗಳಿಗೆ ಅರ್ಧರ್ಧ ಹಂಚಿದ್ದವು. ಸುಪ್ರೀಂ ಕೋರ್ಟು ಅದನ್ನು ಒಪ್ಪದೆ, ಹೊಣೆಯೆಲ್ಲ ಲಾರಿಯ ಕಡೆಯದೇ ಎಂದಿತು. ಇನ್ನೂ ಒಂದು ಮುಖ್ಯ ಮಾತು ಆ ತೀರ್ಪಿನಲ್ಲಿದೆ: ಕಾರಿನ ಚಾಲಕನ ತಪ್ಪು ಸ್ವಲ್ಪ ಇದ್ದರೂ ಅದನ್ನು ಒಳಗೆ ಕುಳಿತ ಪ್ರಯಾಣಿಕರ ತಲೆಗೆ ಕಟ್ಟಿ ಅವರ ಪರಿಹಾರವನ್ನು ಕತ್ತರಿಸಲಾಗದು.

ಮೂರನೆಯದು 2025ರ ಜುಲೈ 29ರದು. 2017ರ ಜನವರಿಯಲ್ಲಿ ಕೊಯಮತ್ತೂರಿನಲ್ಲಿ ಕಾರೊಂದು ಹೆದ್ದಾರಿಯ ನಡುವೆ ಸೂಚನೆಯಿಲ್ಲದೆ ಥಟ್ಟನೆ ನಿಂತಿತು. ಗರ್ಭಿಣಿ ಹೆಂಡತಿಗೆ ವಾಂತಿ ಬಂದಂತಾಯಿತೆಂಬುದು ಚಾಲಕನ ವಿವರಣೆ. ಹಿಂದೆ ಬೈಕಿನಲ್ಲಿ ಬರುತ್ತಿದ್ದ ಇಂಜಿನಿಯರಿಂಗ್ ವಿದ್ಯಾರ್ಥಿ ಕಾರಿಗೆ ಬಡಿದು ಬಿದ್ದ. ಹಿಂದಿನಿಂದ ಬಂದ ಬಸ್ಸು ಅವನ ಮೇಲೆ ಹರಿಯಿತು. ಒಂದು ಕಾಲು ಹೋಯಿತು. ಹೆದ್ದಾರಿಯಲ್ಲಿ ಹೀಗೆ ನಿಲ್ಲಿಸುವುದು ಯಾವ ಸ್ವಂತ ಕಾರಣಕ್ಕಾದರೂ ಅಜಾಗ್ರತೆಯೇ ಎಂದ ಕೋರ್ಟು, ಮುಂದಿನ ಕಾರಿಗೆ ನೂರಕ್ಕೆ 50, ಬಸ್ಸಿಗೆ 30, ಅಂತರ ಇಡದ ವಿದ್ಯಾರ್ಥಿಗೆ 20 ಎಂದು ತಪ್ಪನ್ನು ಹಂಚಿತು. ಸುಮಾರು 1 ಕೋಟಿ 14 ಲಕ್ಷ ರೂಪಾಯಿಯಲ್ಲಿ ಅವನ ಪಾಲಿನ ತಪ್ಪು ಕಳೆದು ಸುಮಾರು 91 ಲಕ್ಷ ಕೊಡಿಸಿತು. ಇಲ್ಲಿ ಹೆಚ್ಚಿನ ಹೊಣೆ ಬಿದ್ದದ್ದು ಮುಂದಿನವನ ಮೇಲೆ.

ಆದುದರಿಂದ ಕೇಳಬೇಕಾದ ಪ್ರಶ್ನೆ ಯಾರು ಯಾರ ಹಿಂದಿದ್ದರು ಎಂಬುದಲ್ಲ. ಲಾರಿ ಚಲಿಸುತ್ತಿತ್ತೆ, ನಿಂತಿತ್ತೆ? ಹಿಂದಿನ ದೀಪ ಉರಿಯುತ್ತಿತ್ತೆ? ಪ್ರತಿಫಲಿಸುವ ಪಟ್ಟಿ ಇತ್ತೆ, ಇದ್ದರೂ ಕೆಸರು ಬೂದಿ ಮುಚ್ಚಿತ್ತೆ? ಕೆಟ್ಟುನಿಂತ ಲಾರಿಯ ಹಿಂದೆ ಎಚ್ಚರಿಕೆಯ ತ್ರಿಕೋನ ಇಟ್ಟಿದ್ದರೆ, ಇಲ್ಲವೆ ಒಂದು ಹಸುರು ಗೆಲ್ಲು ಮಾತ್ರವೆ? ಸರಕು ಹಿಂದಕ್ಕೆ ಚಾಚಿತ್ತೆ? ಕಾರು ಅಡಿಗೆ ನುಗ್ಗದಂತೆ ತಡೆಯುವ ಹಿಂದಿನ ಕಬ್ಬಿಣದ ಅಡ್ಡಪಟ್ಟಿ ಇತ್ತೆ? ಈ ಉತ್ತರಗಳ ಮೇಲೆ ಮೊಕದ್ದಮೆ ನಿಲ್ಲುತ್ತದೆ.

ಒಂದು ಮನೆಯ ಲೆಕ್ಕ

ತಪ್ಪಿನ ಪಾಲು ಎಂಬುದು ಬರಿಯ ವಕೀಲರ ಮಾತಲ್ಲ. ಮನೆಯ ಅನ್ನದ ಮಾತು. ಒಂದು ಉದಾಹರಣೆ ತೆಗೆದುಕೊಳ್ಳೋಣ. ತಿಂಗಳಿಗೆ 15,000 ರೂಪಾಯಿ ದುಡಿಯುವ 35 ವರ್ಷದ ಟೈಲರ್ ಒಬ್ಬನು ತನ್ನ ಕಾರಿನಲ್ಲಿ ಹೋಗುತ್ತಿದ್ದಾಗ, ದೀಪವಿಲ್ಲದೆ ನಿಂತ ಲಾರಿಗೆ ಕಾರು ಬಡಿದು ಸತ್ತನೆಂದು ಇಟ್ಟುಕೊಳ್ಳಿ. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಅವನ ಆಶ್ರಿತರು.

ವರ್ಷದ ಆದಾಯ 1,80,000. ಸ್ವಂತ ಉದ್ಯೋಗದವನಾದರೂ 40 ವರ್ಷದೊಳಗಿನವನಾದುದರಿಂದ ಮುಂದಿನ ಏಳಿಗೆಗಾಗಿ ನೂರಕ್ಕೆ 40 ಸೇರಿಸಬೇಕೆಂದು 2017ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ಹೇಳಿದೆ. ಆಗ 2,52,000 ಆಯಿತು. ನಾಲ್ವರು ಆಶ್ರಿತರಿರುವುದರಿಂದ ಅವನ ಸ್ವಂತ ಖರ್ಚೆಂದು ಕಾಲು ಭಾಗ ಕಳೆಯಬೇಕು, ಉಳಿಯುವುದು 1,89,000. 31ರಿಂದ 35 ವರ್ಷದವರಿಗೆ 2009ರ ತೀರ್ಪೊಂದು ಗೊತ್ತುಮಾಡಿದ ಗುಣಕ 16. ಗುಣಿಸಿದರೆ 30,24,000 ರೂಪಾಯಿ. ಅಂತ್ಯಕ್ರಿಯೆಯ ವೆಚ್ಚ, ಆಸ್ತಿಯ ನಷ್ಟ, ಸಂಗಾತಿಯ ಅಗಲಿಕೆ ಇವುಗಳ ಮೊತ್ತ ಬೇರೆ.

ಇನ್ನು ತಪ್ಪಿನ ಪಾಲನ್ನು ನೋಡಿ. ಲಾರಿಯದೇ ಪೂರ್ತಿ ತಪ್ಪಾದರೆ ಮನೆಗೆ 30,24,000. ಸತ್ತ ಚಾಲಕನದು ನೂರಕ್ಕೆ 20 ಎಂದಾದರೆ 24,19,200. ಅರ್ಧ ಎಂದಾದರೆ 15,12,000. ಪೂರ್ತಿ ಅವನದೇ ತಪ್ಪೆಂದಾದರೆ ಈ ದಾರಿಯಲ್ಲಿ ಏನೂ ಇಲ್ಲ. ಲಾರಿಯ ಹಿಂದಿನ ದೀಪ ಉರಿಯುತ್ತಿರಲಿಲ್ಲ ಎಂಬುದಕ್ಕೆ ಆ ರಾತ್ರಿ ಯಾರೋ ಒಬ್ಬರು ತೆಗೆದ ಒಂದು ಫೋಟೋದ ಬೆಲೆ ಎಷ್ಟೆಂದು ಈ ಅಂಕಿಗಳೇ ಹೇಳುತ್ತವೆ.

ತಪ್ಪು ಯಾರದೆಂದು ನೋಡದೆ ಕೊಡುವ ಪರಿಹಾರವೂ ಒಂದಿದೆ. ಮೋಟಾರು ವಾಹನ ಕಾಯಿದೆಯ 164ನೆಯ ಕಲಮಿನಂತೆ ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ. 2022ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. ಆದರೆ ಇಲ್ಲಿ ಒಂದು ಎಚ್ಚರಿಕೆ. ವಿಮಾ ಕಂಪೆನಿ ಮುಂದಿಡುವ ಈ ಹಣವನ್ನು ಇತ್ಯರ್ಥವಾಗಿ ಒಪ್ಪಿಕೊಂಡರೆ ನ್ಯಾಯಮಂಡಳಿಯಲ್ಲಿರುವ ದೊಡ್ಡ ದಾವೆ ಬಿದ್ದುಹೋಗುತ್ತದೆ. 5 ಲಕ್ಷ ಕೈಗೆ ಬಂತೆಂದು ಸಮಾಧಾನಪಟ್ಟವರು 30 ಲಕ್ಷವನ್ನು ಬಿಟ್ಟುಕೊಟ್ಟಿರಬಹುದು. ಸಹಿ ಹಾಕುವ ಮೊದಲು ವಕೀಲರನ್ನು ಕೇಳಬೇಕು.

ಢಿಕ್ಕಿ ಹೊಡೆದ ಲಾರಿ ಪತ್ತೆಯಾಗದೇ ಹೋದರೂ ಕೈಚೆಲ್ಲಬೇಕಾಗಿಲ್ಲ. ಅಂತಹ ಪ್ರಕರಣಗಳಿಗಾಗಿ 2022ರ ಯೋಜನೆಯಂತೆ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸರಕಾರದ ಕಡೆಯಿಂದ ದೊರೆಯುತ್ತದೆ.

ವಿದ್ಯಾನಗರದಲ್ಲೇ ದಾವೆ ಹೂಡಬಹುದು

"ಅಪಘಾತ ಸೇಲಂ ಜಿಲ್ಲೆಯಲ್ಲಿ. ಕೇಸಿಗೆ ಪ್ರತಿ ತಿಂಗಳೂ ಅಲ್ಲಿಗೆ ಓಡಾಡುವವರು ಯಾರು?" ಇದು ಎಲ್ಲರಿಗೂ ಮೊದಲು ಹುಟ್ಟುವ ಚಿಂತೆ. ಈ ಚಿಂತೆಯಿಂದಲೇ ಎಷ್ಟೋ ಮಂದಿ ರಸ್ತೆ ಬದಿಯಲ್ಲೇ ರಾಜಿಯಾಗಿಬಿಡುತ್ತಾರೆ. ಕಾನೂನು ಇದಕ್ಕೆ ಪರಿಹಾರವಿಟ್ಟಿದೆ. 166ನೆಯ ಕಲಮಿನಂತೆ ಅಪಘಾತ ನಡೆದ ಸ್ಥಳದ ನ್ಯಾಯಮಂಡಳಿಯಲ್ಲಿ, ಅರ್ಜಿದಾರರು ವಾಸಿಸುವ ಅಥವಾ ವ್ಯಾಪಾರ ನಡೆಸುವ ಊರಿನ ನ್ಯಾಯಮಂಡಳಿಯಲ್ಲಿ, ಇಲ್ಲವೆ ಎದುರುವಾದಿ ವಾಸಿಸುವ ಊರಿನ ನ್ಯಾಯಮಂಡಳಿಯಲ್ಲಿ, ಎಲ್ಲಿ ಬೇಕಾದರೂ ಅರ್ಜಿ ಹಾಕಬಹುದು. ಆಯ್ಕೆ ಅರ್ಜಿದಾರರದು. ಲಾರಿ ನಾಮಕ್ಕಲಿನದಾಗಿರಲಿ, ಅಪಘಾತ ಕೊಳತ್ತೂರಿನದಾಗಿರಲಿ, ಮಂಜೇಶ್ವರದ ವಿಧವೆ ಕಾಸರಗೋಡಿನ ವಿದ್ಯಾನಗರದ ಕೋರ್ಟು ಆವರಣದಲ್ಲೇ ನ್ಯಾಯ ಕೇಳಬಹುದು. ಅದೇ ರೀತಿ ಕೊಳತ್ತೂರಿನ ಕನ್ನಡ ಕುಟುಂಬದವರಿಗೆ ನಮ್ಮ ತಲಪಾಡಿ ಹೆದ್ದಾರಿಯಲ್ಲಿ ಅನಾಹುತವಾದರೆ ಅವರು ಇಲ್ಲಿಗೆ ಅಲೆಯಬೇಕಾಗಿಲ್ಲ.

ವಕೀಲರನ್ನು ಇಡಲು ಹಣವಿಲ್ಲವೆಂಬುದೂ ಅಡ್ಡಿಯಾಗಬಾರದು. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯಿದೆಯಂತೆ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ವರ್ಗದವರು, ಅಂಗವಿಕಲರು ಉಚಿತ ಕಾನೂನು ನೆರವಿಗೆ ಅರ್ಹರು. ಸಂಸಾರದ ಯಜಮಾನನನ್ನು ಕಳಕೊಂಡು ಬಂದ ಹೆಣ್ಣುಮಗಳು ಆದಾಯದ ಪ್ರಮಾಣಪತ್ರಕ್ಕಾಗಿ ಅಲೆಯಬೇಕಾಗಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ ಅರ್ಜಿ ಕೊಟ್ಟರೆ ಸಾಕು.

ಅವಧಿಯ ವಿಷಯ ಮರೆಯಬಾರದು. ಅರ್ಜಿಯನ್ನು ಅಪಘಾತದ ದಿನದಿಂದ ಆರು ತಿಂಗಳೊಳಗೆ ಹಾಕಬೇಕು ಎಂಬ ನಿಯಮ 1994ರಲ್ಲಿ ರದ್ದಾಗಿತ್ತು. 2019ರ ತಿದ್ದುಪಡಿಯಿಂದ ಮರಳಿ ಬಂದು 2022ರ ಏಪ್ರಿಲ್ 1ರಿಂದ ಜಾರಿಯಾಯಿತು. ಇದನ್ನು ಪ್ರಶ್ನಿಸಿದ ಅರ್ಜಿಗಳ ವಿಚಾರಣೆಯಲ್ಲಿ, ಅವಧಿ ಮೀರಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು ಸುಪ್ರೀಂ ಕೋರ್ಟು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ನೀಡಿತು. ಆದರೂ ಮಧ್ಯಂತರ ಆದೇಶವನ್ನು ನೆಚ್ಚಿ ಕುಳಿತುಕೊಳ್ಳುವುದು ಜಾಣತನವಲ್ಲ. ಆರು ತಿಂಗಳೊಳಗೇ ಅರ್ಜಿ ಕೋರ್ಟಿನಲ್ಲಿರಲಿ.

"ಗೋಪಾಲ" ಮತ್ತು "ಕೋಪಾಲ"

ಇನ್ನು ನಮ್ಮಂಥವರಿಗೇ ವಿಶೇಷವಾಗಿ ಅಂಟಿದ ತೊಡಕೊಂದಿದೆ, ಅದು ಭಾಷೆಯದು. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ತ, ದ ಎರಡಕ್ಕೂ ಒಂದೇ. ಪ, ಬ ಎರಡಕ್ಕೂ ಒಂದೇ. ಗೋಪಾಲ ಎಂದು ಬರೆದದ್ದನ್ನು ಬೇರೆಯವರು ಕೋಪಾಲ ಎಂದು ಓದಬಹುದು. ಭಟ್ಟರು ಪಟ್ಟರಾಗಬಹುದು, ದಾಮೋದರ ತಾಮೋತರನಾಗಬಹುದು. ಠಾಣೆಯ ತಮಿಳು ಪ್ರಥಮ ವರದಿಯಿಂದ ಇಂಗ್ಲಿಷಿಗೆ, ಅಲ್ಲಿಂದ ಮಲಯಾಳದ ದಾಖಲೆಗೆ ಹೆಸರು ಪಯಣಿಸುವಷ್ಟರಲ್ಲಿ ಮನುಷ್ಯನೇ ಬೇರೆಯಾಗಿಬಿಟ್ಟಿರುತ್ತಾನೆ. ಅದರ ಮೇಲೆ ಮನೆಹೆಸರು, ಇನಿಷಿಯಲ್‌ಗಳ ಗೊಂದಲ. ಆಧಾರ್ ಕಾರ್ಡಿನಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಮರಣಪತ್ರದಲ್ಲಿ ಮತ್ತೊಂದು. "ಸತ್ತವನು ಇವನೇ ಎಂಬುದಕ್ಕೆ ಆಧಾರವೇನು?" ಎಂದು ವಿಮಾ ಕಂಪೆನಿಯ ವಕೀಲರು ಎದ್ದು ನಿಂತರೆ ತಿಂಗಳುಗಳು ಉರುಳುತ್ತವೆ.

ಮದ್ದು ಸುಲಭ, ಆದರೆ ಅದೇ ದಿನ ಮಾಡಬೇಕು. ಠಾಣೆಯಲ್ಲಿಯೂ ಆಸ್ಪತ್ರೆಯಲ್ಲಿಯೂ ಆಧಾರ್ ಕಾರ್ಡು ತೋರಿಸಿ, ಹೆಸರನ್ನು ಅದರಲ್ಲಿರುವಂತೆಯೇ ಇಂಗ್ಲಿಷ್ ಅಕ್ಷರಗಳಲ್ಲಿಯೂ ಬರೆಸಿಕೊಳ್ಳಬೇಕು. ಶವಪರೀಕ್ಷೆಯ ವರದಿಯನ್ನೂ ಮರಣಪತ್ರವನ್ನೂ ಕೈಗೆ ತೆಗೆದುಕೊಂಡ ಕೂಡಲೇ ತಾಳೆ ನೋಡಬೇಕು. ತಪ್ಪಿದ್ದರೆ ಅಲ್ಲಿಯೇ ತಿದ್ದಿಸುವುದು ಒಂದು ದಿನದ ಕೆಲಸ. ಊರಿಗೆ ಬಂದ ಮೇಲೆ ಅದು ಒಂದು ವರ್ಷದ ಕೆಲಸ.

ಬಾಯಿಮಾತಿನಲ್ಲಿ ಕೊಟ್ಟ ದೂರನ್ನು ಬರೆದುಕೊಂಡ ಅಧಿಕಾರಿ ಅದನ್ನು ದೂರುದಾರನಿಗೆ ಓದಿ ಹೇಳಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮು ಹೀಗೆ ಹೇಳುತ್ತದೆ. ತಮಿಳು ತಿಳಿಯದಿದ್ದರೆ ತಿಳಿದವರೊಬ್ಬರನ್ನು ಪಕ್ಕಕ್ಕೆ ಕರೆದುಕೊಂಡು, ಅರ್ಥವಾದ ಮೇಲಷ್ಟೇ ಸಹಿ ಹಾಕಬೇಕು. ಕೊಳತ್ತೂರಿನಂತಹ ಊರಿನಲ್ಲಿ ಎರಡೂ ಭಾಷೆ ಬಲ್ಲವರನ್ನು ಹುಡುಕುವುದು ಕಷ್ಟವಾಗಲಾರದು. "ನಮಗೆ ಕನ್ನಡ ಮಾತ್ರ ಬರುತ್ತದೆ" ಎಂದು ಹೇಳಲು ನಾಚಬಾರದು.

ಆ ಮೊದಲ ಕೆಲವು ಗಂಟೆಗಳು

ಎಲ್ಲಕ್ಕಿಂತ ಮೊದಲು ಜೀವ. ಹಣವಿಲ್ಲವೆಂದು ಗಾಯಾಳುವನ್ನು ದೂರದ ಊರಿಗೆ ಸಾಗಿಸಲು ಹೊರಡಬಾರದು. 2021ರ ಡಿಸೆಂಬರಿನಲ್ಲಿ ತಮಿಳುನಾಡು ಸರಕಾರ ಆರಂಭಿಸಿದ ಯೋಜನೆಯಲ್ಲಿ ಅಪಘಾತದ ಮೊದಲ 48 ಗಂಟೆಗಳ ಚಿಕಿತ್ಸೆ ಗೊತ್ತಾದ ಆಸ್ಪತ್ರೆಗಳಲ್ಲಿ ಉಚಿತ. ಹೊರ ರಾಜ್ಯದವರಿಗೂ ಇದು ಅನ್ವಯಿಸುತ್ತದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ ಯೋಜನೆಯಲ್ಲಿ ಒಬ್ಬರಿಗೆ ಒಂದೂವರೆ ಲಕ್ಷ ರೂಪಾಯಿಯವರೆಗೆ, ಏಳು ದಿನಗಳ ತನಕ, ಮುಂಗಡ ಹಣ ಕೊಡದೆ ಚಿಕಿತ್ಸೆ ಪಡೆಯುವ ಅವಕಾಶವಿದೆ. ಆಸ್ಪತ್ರೆಯವರು ಅಪಘಾತವೆಂದು ದಾಖಲಿಸಿಕೊಂಡ ಕಾಗದದ ಪ್ರತಿಯನ್ನು ಜೋಪಾನವಾಗಿಡಬೇಕು.

ಅನಂತರ, ಸ್ಥಿತಿಯಲ್ಲಿರುವ ಯಾರಾದರೊಬ್ಬರು ಮೊಬೈಲಿನಲ್ಲಿ ಚಿತ್ರ ತೆಗೆಯಲಿ. ಲಾರಿಯ ಹಿಂಭಾಗ, ನಂಬರು, ದೀಪ, ಪಟ್ಟಿ. ರಸ್ತೆಯ ಅಂಚಿನಿಂದ ಲಾರಿ ಎಷ್ಟು ಒಳಗಿತ್ತೆಂಬುದು. ಟಯರ್ ಉಜ್ಜಿದ ಗುರುತು. ತ್ರಿಕೋನ ಇಟ್ಟಿರದಿದ್ದರೆ ಲಾರಿಯ ಹಿಂದಿನ ಖಾಲಿ ರಸ್ತೆ. ಕ್ರೇನು ಬಂದು ಲಾರಿಯನ್ನು ಎಳೆದ ಮೇಲೆ ಇವು ಯಾವುದೂ ಉಳಿಯುವುದಿಲ್ಲ. ಕಂಡ ಸಾಕ್ಷಿಗಳ ಹೆಸರು, ವಿಳಾಸ ಬರೆದುಕೊಳ್ಳಬೇಕು. ಪೊಲೀಸರ ಸ್ಥಳ ಮಹಜರು, ನಕ್ಷೆ, ಮೋಟಾರು ವಾಹನ ಇನ್‌ಸ್ಪೆಕ್ಟರರ ವರದಿಯ ಪ್ರತಿಗಳನ್ನು ಕೇಳಿ ಪಡೆಯಬೇಕು. 2022ರ ನಿಯಮಗಳಂತೆ ಪೊಲೀಸರು 48 ಗಂಟೆಗಳೊಳಗೆ ಮೊದಲ ಅಪಘಾತ ವರದಿಯನ್ನೂ 90 ದಿನಗಳೊಳಗೆ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಕೊಡಬೇಕು. ಕೊಟ್ಟರೇ ಎಂದು ವಿಚಾರಿಸುವುದು ನಮ್ಮ ಕೆಲಸ.

ಅರ್ಜಿಯಲ್ಲಿ ಲಾರಿಯ ಮಾಲೀಕ, ವಿಮಾ ಕಂಪೆನಿಗಳ ಜತೆಗೆ ನಾವು ಕುಳಿತಿದ್ದ ವಾಹನದವರನ್ನೂ ಕಕ್ಷಿಗಳಾಗಿ ಸೇರಿಸುವುದು ಒಳ್ಳೆಯದು. ಎರಡೂ ವಾಹನಗಳ ತಪ್ಪಿದ್ದಾಗ ಪ್ರಯಾಣಿಕರು ಯಾರಿಂದ ಬೇಕಾದರೂ ಪೂರ್ತಿ ಪರಿಹಾರ ಪಡೆಯಬಹುದೆಂದು 2015ರಲ್ಲೇ ಸುಪ್ರೀಂ ಕೋರ್ಟು ತೀರ್ಮಾನಿಸಿದೆ. "ಓಡಿಸಿದ್ದು ನಮ್ಮ ಭಾವನೇ, ಅವನ ಮೇಲೆ ಕೇಸು ಹಾಕುವುದು ಹೇಗೆ?" ಎಂದು ಸಂಕೋಚಪಡುವವರಿದ್ದಾರೆ. ವಿಮೆ ಸರಿಯಾಗಿದ್ದರೆ ಹಣ ಕೊಡುವುದು ಭಾವನಲ್ಲ, ಅವನ ವಿಮಾ ಕಂಪೆನಿ. ಆದರೆ ಇಲ್ಲಿಯೂ ಒಂದು ಮಾತು: ಕನಿಷ್ಠ ಮೊತ್ತದ ಥರ್ಡ್ ಪಾರ್ಟಿ ವಿಮೆ ಮಾತ್ರವಿರುವ ಖಾಸಗಿ ಕಾರಿನಲ್ಲಿ ಬಿಟ್ಟಿಯಾಗಿ ಕುಳಿತವರಿಗೆ ಆ ಕಾರಿನ ವಿಮೆಯಿಂದ ರಕ್ಷಣೆ ಸಿಗುವುದಿಲ್ಲ, ಸಮಗ್ರ ವಿಮೆ ಬೇಕು. ಸ್ವತಃ ಓಡಿಸುವ ಮಾಲೀಕನಿಗೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯೂ ಇರಬೇಕು. ತಪ್ಪು ಪೂರ್ತಿ ತನ್ನದೇ ಎಂದಾದಾಗ ಮನೆಯವರಿಗೆ ಉಳಿಯುವ ಆಸರೆ ಅದೊಂದೇ. ಯಾತ್ರೆಗೆ ಹೊರಡುವ ಮುನ್ನ ತೆಂಗಿನಕಾಯಿ ಒಡೆಯುವಾಗ ಡ್ಯಾಶ್‌ಬೋರ್ಡಿನಲ್ಲಿರುವ ವಿಮೆಯ ಕಾಗದವನ್ನೂ ಒಮ್ಮೆ ಬಿಡಿಸಿ ನೋಡಿದರೆ ದೇವರು ಬೇಡವೆನ್ನಲಾರ.

ಕೊನೆಯದಾಗಿ ರಸ್ತೆ ಬದಿಯ ರಾಜಿಯ ವಿಷಯ. ಲಾರಿ ಕಡೆಯ ಯಾರೋ ಹತ್ತಿಪ್ಪತ್ತು ಸಾವಿರ ಕೈಗಿತ್ತು, ತಮಿಳಿನಲ್ಲಿ ಬರೆದ ಒಂದು ಹಾಳೆ ಮುಂದೆ ಹಿಡಿಯುತ್ತಾರೆ. ದುಃಖದಲ್ಲಿರುವವರು, ಊರಿಗೆ ಹೋದರೆ ಸಾಕೆನ್ನುವವರು ಸಹಿ ಹಾಕಿಬಿಡುತ್ತಾರೆ. ಹೆಣ ಮನೆ ತಲುಪಿ, ಹದಿಮೂರನೆಯ ದಿನದ ಕಾರ್ಯ ಮುಗಿದು, ನೆಂಟರೆಲ್ಲ ಹಿಂತಿರುಗಿದ ಮೇಲೆ, ಮಕ್ಕಳ ಶಾಲೆಯ ಫೀಸು ಕಟ್ಟುವ ದಿನ ಬಂದಾಗ ಆ ಸಹಿಯ ಬೆಲೆ ತಿಳಿಯುತ್ತದೆ. ಓದಲು ಬಾರದ ಕಾಗದಕ್ಕೆ ಸಹಿ ಹಾಕಬಾರದು. ನಮ್ಮ ಹಿರಿಯರು ಹೊಲಮನೆಯ ಕಾಗದಗಳ ವಿಷಯದಲ್ಲಿ ಹೇಳಿಕೊಟ್ಟ ಈ ಮಾತು ಹೆದ್ದಾರಿಗೂ ಸಲ್ಲುತ್ತದೆ.

ಲಾರಿಯವರನ್ನು ದೂರುವುದು ನಮ್ಮ ಉದ್ದೇಶವಲ್ಲ. ರಾತ್ರಿಯಿಡೀ ನಿದ್ದೆಗೆಟ್ಟು ಓಡಿಸುವ ಚಾಲಕನೂ ಯಾವುದೋ ಮನೆಯ ಆಧಾರ. ಪರಿಹಾರ ಕೊಡಬೇಕಾದುದು ಅವನ ಜೇಬಿನಿಂದಲ್ಲ. ಪ್ರತಿ ಲಾರಿಯೂ ಕಂತು ಕಟ್ಟಿ ಪಡೆದಿರಬೇಕಾದ ವಿಮೆಯಿಂದ. ಅದನ್ನು ಕೇಳುವುದು ಭಿಕ್ಷೆಯೂ ಅಲ್ಲ, ಹಗೆಯೂ ಅಲ್ಲ. ಅಲ್ಪಸಂಖ್ಯಾತರಾದ ನಾವು ಶಾಲೆಗಾಗಿ, ಪಠ್ಯಪುಸ್ತಕಕ್ಕಾಗಿ, ಬೋರ್ಡಿನ ಮೇಲಿನ ನಾಲ್ಕು ಅಕ್ಷರಕ್ಕಾಗಿ ಕೇಳಿ ಕೇಳಿ ಅಭ್ಯಾಸವಾದವರು. ನಮ್ಮವರೊಬ್ಬರು ರಸ್ತೆಯಲ್ಲಿ ಬಿದ್ದಾಗಲೂ ಕೇಳಬೇಕಾದುದನ್ನು, ಕೇಳಬೇಕಾದ ಕಡೆ, ಅವಧಿ ಮೀರುವ ಮೊದಲು ಕೇಳೋಣ. ಅದಕ್ಕಿಂತ ಮೊದಲು, ಮುಂದಿನ ಲಾರಿಯಿಂದ ನಾಲ್ಕು ಮಾರು ಹೆಚ್ಚಿಗೆ ದೂರವಿದ್ದು, ಈ ಯಾವ ಕಾನೂನೂ ಬೇಕಾಗದಂತೆ ಮನೆ ಸೇರೋಣ.